ಕೆಮ್ಮಂಗಿಲ್ಲ

ನಮ್ಮಪ್ಪನ ಮುಂದೆ ಯಾರೂ ಕೆಮ್ಮಂಗಿರಲಿಲ್ಲ.
ಶಹಾಬಾದಿನ ಸಿಮೆಂಟು ಫ್ಯಾಕ್ಟರಿಯ ಫೋರ್‌ಮನ್ನು,
ಬೂಟು ಹೊಸ್ತಿಲಲ್ಲಿ ಸದ್ದು ಮಾಡಿತೆಂದರೆ
ಉಸಿರೆತ್ತಬೇಡ ಅನ್ನುತ್ತಿದ್ದಳು ಅವ್ವ, ಕಣ್ಣಲ್ಲೇ.

ಇಲ್ಲಿ ಹಲ್‌ನಲ್ಲಿ, ಏಳನೇ ವಾರ್ಡಿನಲ್ಲಿ,
ಹದಿನಾಲ್ಕು ವರ್ಷದಿಂದ ನನಗೆ ಸಂಬಳ ಬರುವುದೇ
ಕೆಮ್ಮಿ ಎಂದು ಗೋಗರೆಯುವುದಕ್ಕೆ,
ಉಸಿರೆತ್ತಿ, ಇನ್ನೂ ಎತ್ತಿ,
ಇನ್ನೊಂಚೂರು ಎನ್ನುವುದಕ್ಕೆ.

ಡೆನ್ನಿಸ್ ಸ್ಟಾತರ್, ಎಪ್ಪತ್ತಮೂರು.
ಹರೆಯದಲ್ಲಿ ಐಸ್‌ಲ್ಯಾಂಡಿನ ಕಡಲಿಗೆ ಮೀನಿಗೆ ಹೋದವನು,
ಹಡಗಿನ ಹಗ್ಗಕ್ಕೆ ಕಟ್ಟಿದ ಹಿಮವನ್ನು
ಕೊಡಲಿಯಲ್ಲಿ ಒಡೆದವನು.
ನಿನ್ನೆ ಅವನ ಎದೆಮೂಳೆಯನ್ನು ಗರಗಸದಲ್ಲಿ ಸೀಳಿ
ಕಾಲಿನ ನಾಳ ತೆಗೆದು ಗುಂಡಿಗೆಗೆ ಹೊಲಿದು
ಸ್ಟೀಲು ತಂತಿಯಲ್ಲಿ ಬಿಗಿದಿದ್ದಾರೆ.
ಇವತ್ತು ಮಡಚಿದ ಟವೆಲ್ಲನ್ನು ಎದೆಗೊತ್ತಿಕೊಂಡು
ಕದ್ದ ಮಾಲು ಬಚ್ಚಿಟ್ಟವನ ಹಾಗೆ ಕೂತಿದ್ದಾನೆ.
ಕೆಮ್ಮಿದರೆ ಬಿಚ್ಚಿಕೊಳ್ಳುತ್ತದೆ ಎಂಬ ಭಯ.
ಬಿಚ್ಚಿಕೊಳ್ಳುವುದಿಲ್ಲ, ಅನ್ನುತ್ತೇನೆ.
ನೀನೇನು ಹೊಲಿದವಳಾ? ಅನ್ನುತ್ತಾನೆ.

ಗಂಟಲಲ್ಲೇ ಖೆಕ್ ಅಂದರೆ ಅದು ಕೆಮ್ಮಲ್ಲ, ಲವ್
(ಈ ಊರಲ್ಲಿ ಬಸ್ಸಿನವನೂ ಲವ್ ಅನ್ನುತ್ತಾನೆ,
ಮೀನಿನಂಗಡಿಯವಳೂ ಲವ್,
ನನ್ನ ಬಾಯಿಗೂ ಅಂಟಿದೆ)
ಬುಡದಿಂದ ಬರಲಿ,
ಬೇಸಿಗೆಯ ಬಾವಿಯಿಂದ ಕೊನೆಯ ಕೊಡ ಸೇದುವ ಹಾಗೆ.

ಪ್ಲಾಸ್ಟಿಕ್ ಡಬ್ಬಿ, ಒಳಗೆ ಮೂರು ನೀಲಿ ಗುಂಡು.
ಕೊಳವೆ ಕಚ್ಚಿ ಎಳೆದ. ಒಂದು ಎದ್ದಿತು.
ಎರಡನೆಯದು ನಡುಗಿ ಕೂತಿತು.
ಮೂರನೆಯದಕ್ಕೆ ಇನ್ನೂ ನಮ್ಮ ಪರಿಚಯವಿಲ್ಲ.

ಮೊದಲೆಲ್ಲ ಮೂರು ದಿನ ಮಲಗಿರಲು ಬಿಡುತ್ತಿದ್ದೆವು,
ಪಾಪ, ಎಂದು.
ಆ ಪಾಪದಿಂದಲೇ ನ್ಯುಮೋನಿಯಾ ಹತ್ತುತ್ತಿತ್ತು.
ಈಗ ಅವತ್ತೇ ಸಂಜೆ ಕುರ್ಚಿ, ಮರುದಿನ ಕಾರಿಡಾರು.
ನೆಲಕ್ಕೆ ಹಳದಿ ಪಟ್ಟಿ ಅಂಟಿಸಿದ್ದೇವೆ, ಐದು ಮೀಟರಿಗೊಂದು.
ಒಂದನೆಯದು ಬೆಡ್‌ಶೀಟಿನ ಕಪಾಟು.
ಎರಡು ದಾಟಿದರೆ ಬಿಸ್ಕತ್ತಿನ ಟ್ರಾಲಿ.
ನಾಲ್ಕನೆಯದಕ್ಕೆ ಕಿಟಕಿ: ನದಿಯಲ್ಲ, ಕಾರುಗಳು,
ಪಾರ್ಕಿಂಗಿನ ದುಡ್ಡಿಗೆ ಜಗಳವಾಡುವ ಯಾರೋ ಒಬ್ಬ.

ಮೋರೀನ್ ಬ್ಲೆಂಕಿನ್ ಹಾಗೇ ನಡೆದಳು ಮಾರ್ಚಿನಲ್ಲಿ,
ಎಡ ಶ್ವಾಸಕೋಶದ ಕೆಳಹಾಲೆ ತೆಗೆಸಿಕೊಂಡು,
ಪಕ್ಕೆಯಿಂದ ಇಳಿದ ನಳಿಕೆಯ ಡಬ್ಬಿಯನ್ನು
ವ್ಯಾನಿಟಿ ಬ್ಯಾಗಿನ ಹಾಗೆ ಮೊಣಕೈಗೆ ನೇತುಹಾಕಿ.
ಎಲ್ಲಿಗೆ ಸವಾರಿ? ಅಂದೆ.
ಬಿಂಗೋ ಆಡಲಿಕ್ಕೆ, ಅಂದಳು. ನಿಂತು ಅಂದಳು,
ಮಾತು ಒಂದು ಕಡೆ ಉಸಿರು ಒಂದು ಕಡೆ.

ತಿಂಗಳ ಮೀಟಿಂಗಿನಲ್ಲಿ ಗೋಡೆಯ ಮೇಲೊಂದು ಗೆರೆ:
ಸೋಂಕು ನೂರಕ್ಕೆ ಹನ್ನೊಂದಿದ್ದದ್ದು ಆರಕ್ಕಿಳಿದಿದೆ.
ಎಲ್ಲರೂ ಭೇಷ್ ಎಂದರು. ಕೇಕು ತಂದಿದ್ದರು.
ಉಳಿದ ಐವರನ್ನು ನಾನು ಗುರುತಿಸಲಾರೆ,
ಬರಬೇಕಿದ್ದ ಕಾಯಿಲೆ ಬಾರದೆ
ಎಲ್ಲೋ ಬೀನ್ಸ್ ಬಿಡಿಸುತ್ತಿರಬಹುದು.
ಆರರಲ್ಲಿ ಒಬ್ಬಳು ಮೋರೀನ್.
ನಾಲ್ಕನೆಯ ಪಟ್ಟಿ ಮುಟ್ಟಿದ್ದಳು. ಬರೆದಿಟ್ಟಿದೆ,
ನನ್ನದೇ ಅಕ್ಷರ.

ಅಪ್ಪನ ಎದೆಯಲ್ಲೂ ಕಡೆಗೆ ಸಿಮೆಂಟೇ ಕೂತಿತ್ತಂತೆ.
ಯಾರೂ ಕೇಳಿಸಿಕೊಳ್ಳಲಿಲ್ಲ. ಹೇಗೆ ಕೇಳಬೇಕು,
ಅಪ್ಪನ ಮುಂದೆ
ಅಪ್ಪನೂ ಕೆಮ್ಮಂಗಿರಲಿಲ್ಲ.

ಮೂವತ್ತನೆಯ ದಿನ ನಾನೇ ಫೋನು ಮಾಡಬೇಕು.
ಗಾಯ ಒಣಗಿದೆಯೇ, ಮೆಟ್ಟಿಲು ಹತ್ತುತ್ತೀರಾ,
ಚೌಕದಲ್ಲಿ ಗುರುತು, ಮುಂದಿನ ಚೌಕ.
ಮೂರು ಗುಂಡೂ ಎದ್ದವು, ಅಂದ ಡೆನ್ನಿಸ್,
ಹಡಗಿಗೆ ಬಂಪರ್ ಮೀನು ಬಿದ್ದವನ ದನಿಯಲ್ಲಿ.
ಕೆಟಲ್ ಎತ್ತಬಹುದೇ?
ಅರ್ಧ ತುಂಬಿದ್ದಾದರೆ.
ಅರ್ಧಕ್ಕೆ ಎರಡೇ ಕಪ್ಪು ಆಗೋದು, ನನಗೊಂದು, ಬೆರಿಲ್‌ಗೊಂದು.
ಇನ್ಯಾರಿದ್ದಾರೆ ಮನೆಯಲ್ಲಿ?
ಯಾರೂ ಇಲ್ಲ, ಅಂದ. ಸ್ವಲ್ಪ ಯೋಚಿಸಿ ನಕ್ಕ.
ನಗು ತಿರುಗಿ ಕೆಮ್ಮಾಯಿತು,
ಒದ್ದೆ ಇಲ್ಲದ್ದು, ಬುಡದಿಂದ ಬಂದದ್ದು.

ಕ್ಷಮಿಸು ಲವ್, ಅಂದ.
ಇನ್ನೊಂದು ಸಲ, ಅಂದೆ.